ಸೆಟ್ಟರ್ ಒಳಗಿನ ಇಫ್ ಕೈಕೊಟ್ಟಾಗ

ಶಾಲೆಗಳಿಗೆ ಅಂಕಪಟ್ಟಿ ತಯಾರಿಸುವ ಚಿಕ್ಕಪುಟ್ಟ ಪ್ರೋಗ್ರಾಂ ಬರೆದುಕೊಡುವುದು ನನ್ನ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100. ಹಾಗಾಗಿ ನನ್ನ ಜಾವಾಸ್ಕ್ರಿಪ್ಟ್ ಕ್ಲಾಸಿನಲ್ಲಿ 'ಅಂಕ' ಎಂಬ ಸೆಟ್ಟರ್ ಇರುತ್ತದೆ, ಅಂದರೆ ಅಂಕ ತುಂಬಿದಾಗೆಲ್ಲ ತಾನಾಗಿಯೇ ಓಡುವ ಫಂಕ್ಷನ್. (ಹೌದು, ವೇರಿಯಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಡಬಹುದು.) ಅದರೊಳಗೆ ಒಂದು ಇಫ್: ಅಂಕ < 0 || ಅಂಕ > ದಿಸ್.ಗರಿಷ್ಠ (ಆ ವಿಷಯದ ಗರಿಷ್ಠ ಅಂಕ) ಆದರೆ ಎರರ್ ಥ್ರೋ ಮಾಡು, ಅಂದರೆ ತಪ್ಪೆಂದು ಹೇಳಿ ಅಲ್ಲೇ ನಿಲ್ಲಿಸು. ಇಷ್ಟು ಸರಳವಾದದ್ದೂ ಒಮ್ಮೊಮ್ಮೆ 140ನ್ನು ಸುಮ್ನೆ ಒಳಗೆ ಬಿಟ್ಟುಬಿಡುತ್ತದೆ.

ಆಗ ಕಂಡೀಷನ್ ತಿದ್ದಲು ಕೂರಬೇಡಿ. ಸೆಟ್ಟರ್ ಓಡುತ್ತಿದೆಯೇ ಅಂತ ಮೊದಲು ನೋಡಿ. ಕ್ರೋಮ್‌ನಲ್ಲಿ ಎಫ್12 ಒತ್ತಿ. ಸೋರ್ಸಸ್ ಟ್ಯಾಬ್‌ನಲ್ಲಿ ಇಫ್ ಇರುವ ಸಾಲಿನ ನಂಬರ್ ಮೇಲೆ ಕ್ಲಿಕ್ ಮಾಡಿ, ಪ್ರೋಗ್ರಾಂ ಅಲ್ಲಿ ನಿಲ್ಲುವಂತೆ ಬ್ರೇಕ್‌ಪಾಯಿಂಟ್ ಇಡಿ. ಅಲ್ಲಿ ನಿಲ್ಲಲೇ ಇಲ್ಲವೇ? ಕನ್‌ಸ್ಟ್ರಕ್ಟರ್ (ಹೊಸ ಆಬ್ಜೆಕ್ಟ್ ಹುಟ್ಟುವಾಗ ಓಡುವ ಭಾಗ) ನೋಡಿ. 'ದಿಸ್.ಅಂಕ' ಬದಲು 'ದಿಸ್._ಅಂಕ'ಕ್ಕೆ (ಸೆಟ್ಟರ್ ಅಂಕವನ್ನು ಕೊನೆಗೆ ಇಡುವ ಒಳಜಾಗ) ನೇರವಾಗಿ ಬರೆದಿದ್ದರೆ ಸೆಟ್ಟರ್‌ಗೆ ಸುದ್ದಿಯೇ ಹೋಗುವುದಿಲ್ಲ. ಇದರ ಉಲ್ಟಾ ಕೂಡ ಇದೆ. ಸೆಟ್ಟರ್ ಒಳಗೇ 'ದಿಸ್.ಅಂಕ'ಕ್ಕೆ ಬರೆದರೆ ಅದು ತನ್ನನ್ನೇ ಕರೆಯುತ್ತಾ ಹೋಗಿ 'ಮ್ಯಾಕ್ಸಿಮಮ್ ಕಾಲ್ ಸ್ಟ್ಯಾಕ್' ಎರರ್ ಬರುತ್ತದೆ. ಅದು ಒಳ್ಳೆಯ ಬಗ್, ಕೂಗಿ ಹೇಳುತ್ತದೆ.

ಬ್ರೇಕ್‌ಪಾಯಿಂಟ್‌ನಲ್ಲಿ ನಿಂತರೆ, ಹೋಲಿಕೆಯ ಎರಡೂ ಬದಿ ನೋಡಿ. ಬಹಳ ಜನ ಅಂಕವನ್ನಷ್ಟೇ ನೋಡುತ್ತಾರೆ, ಗರಿಷ್ಠವನ್ನು ಮರೆಯುತ್ತಾರೆ. ಕನ್‌ಸ್ಟ್ರಕ್ಟರ್‌ನಲ್ಲಿ ಅಂಕದ ಸಾಲು ಮೇಲಿದ್ದು ಗರಿಷ್ಠದ ಸಾಲು ಕೆಳಗಿದ್ದರೆ, ಆ ಹೊತ್ತಿಗೆ ಗರಿಷ್ಠ ಇನ್ನೂ ಅನ್‌ಡಿಫೈನ್ಡ್, ಅಂದರೆ ಬೆಲೆಯೇ ಇಲ್ಲದ್ದು. 140 > ಅನ್‌ಡಿಫೈನ್ಡ್ ಎಂದರೆ ಫಾಲ್ಸ್. ತಕರಾರಿಲ್ಲದೆ ಒಳಗೆ! ಸಾಲುಗಳನ್ನು ಅದಲು ಬದಲು ಮಾಡಿ. ಜೊತೆಗೆ 'ಗರಿಷ್ಠ' ಎಂಬುದು ಸಂಖ್ಯೆಯೇ ಅಲ್ಲದಿದ್ದರೆ ಎರರ್ ಥ್ರೋ ಮಾಡುವ ಸಾಲೊಂದನ್ನು ಸೆಟ್ಟರ್ ಶುರುವಿನಲ್ಲೇ ಸೇರಿಸಿ. ಇಷ್ಟಾದರೂ ಒಂದು ಸಂದಿ ಉಳಿಯುತ್ತದೆ. ವಿಷಯವನ್ನು ಆಮೇಲೆ ಕನ್ನಡದಿಂದ ಗಣಿತಕ್ಕೆ ಬದಲಿಸಿದರೆ, ಹಳೆಯ 118ನ್ನು ಯಾರೂ ಮತ್ತೆ ಪರೀಕ್ಷಿಸುವುದಿಲ್ಲ. ವಿಷಯದ ಸೆಟ್ಟರ್‌ನಿಂದಲೂ ಆ ತಪಾಸಣೆ ಕರೆಯಬೇಕು.

ಈಗ ಅಂಕದ ಟೈಪ್. ಇನ್‌ಪುಟ್‌ನ ವ್ಯಾಲ್ಯೂ ಯಾವಾಗಲೂ ಸ್ಟ್ರಿಂಗ್ (ಸಂಖ್ಯೆಯಲ್ಲ, ಬರೀ ಅಕ್ಷರಗಳ ಸಾಲು), ಟೈಪ್ ನಂಬರ್ ಅಂತ ಕೊಟ್ಟಿದ್ದರೂ ಅಷ್ಟೇ. '95' ಇಫ್ ದಾಟುತ್ತದೆ, ಆದರೆ ಮೊತ್ತ ಹಾಕುವಾಗ 0 + '95' + '88' ಸೇರಿ '09588' ಆಗುತ್ತದೆ. ಗೈರುಹಾಜರಿಗೆ ಮೇಷ್ಟ್ರು ಟೈಪ್ ಮಾಡುವ 'ಎಬಿ' ಕೂಡ ದಾಟುತ್ತದೆ. ಅದು ಎನ್‌ಎಎನ್ ('ನಾಟ್ ಎ ನಂಬರ್', ಸಂಖ್ಯೆಯಲ್ಲ) ಆಗಿ, ಎರಡೂ ಹೋಲಿಕೆ ಫಾಲ್ಸ್ ಆಗುತ್ತವೆ. ಖಾಲಿ ಸ್ಟ್ರಿಂಗನ್ನು ಮೊದಲೇ ಬೇರ್ಪಡಿಸಿ, ಯಾಕೆಂದರೆ ನಂಬರ್('') ಸೊನ್ನೆ ಕೊಡುತ್ತದೆ. ಆಮೇಲೆ ಸಂಖ್ಯೆಗೆ ಬದಲಿಸಿ, ನಂಬರ್.ಈಸ್‌ಫೈನೈಟ್‌ನಿಂದ ಪರೀಕ್ಷಿಸಿ. ಖಾಲಿ ತಡೆಯಲು ಇಫ್ (!ಅಂಕ) ರಿಟರ್ನ್ ಬರೆಯುವವರಿದ್ದಾರೆ. ಹಾಗೆ ಮಾಡಿದರೆ ಸಂಖ್ಯೆಯಾಗಿ ಬಂದ ನಿಜವಾದ ಸೊನ್ನೆಯೂ ಬಿದ್ದುಹೋಗಿ ಹಳೆಯ ಅಂಕವೇ ಉಳಿಯುತ್ತದೆ. ಸೊನ್ನೆ ತೆಗೆದ ಮಗು ಬೇರೆ, ಪರೀಕ್ಷೆಗೇ ಬರದ ಮಗು ಬೇರೆ ಅಲ್ವಾ?

0 <= ಅಂಕ <= 100 ಎಂದು ಸರಪಳಿ ಹಾಕಲೂಬೇಡಿ. ಮೊದಲ ಹೋಲಿಕೆಯ ಟ್ರೂ ಅಥವಾ ಫಾಲ್ಸ್ 1 ಅಥವಾ 0 ಆಗಿ 100ರ ಜೊತೆ ಹೋಲಿಕೆಯಾಗುತ್ತದೆ, ಉತ್ತರ ಸದಾ ಟ್ರೂ.

ತಿದ್ದಿದ ಮೇಲೆ ಕನ್ಸೋಲ್‌ನಲ್ಲಿ -1, 0, 100, 101, 125, 126, '', 'ಎಬಿ' ಇವನ್ನು ಎರಡೂ ಬಗೆಯ ವಿಷಯಕ್ಕೆ ಕೊಟ್ಟು ನೋಡಿ. ತಪ್ಪು ಅಂಕಕ್ಕೆ ಸೆಟ್ಟರ್‌ನಿಂದ ಫಾಲ್ಸ್ ರಿಟರ್ನ್ ಮಾಡಿ ಪ್ರಯೋಜನವಿಲ್ಲ. ಅದನ್ನು ಜಾವಾಸ್ಕ್ರಿಪ್ಟ್ ಎಸೆದುಬಿಡುತ್ತದೆ, ಥ್ರೋ ಮಾಡಿದರಷ್ಟೇ ಹೊರಗಿನವರಿಗೆ ಗೊತ್ತಾಗುತ್ತದೆ.