ಹಸಿ ಕಟ್ಟಿಗೆಗೆ ಒಂದು ಲೆಕ್ಕ, ಒಣ ಕಟ್ಟಿಗೆಗೆ ಇನ್ನೊಂದು

ಹಾವೇರಿಯ ನಮ್ಮ ಚಿಕ್ಕ ಪಲ್ಪ್ (ಕಾಗದದ ತಿರುಳು) ಘಟಕದಲ್ಲಿ ನೀಲಗಿರಿ ಚಕ್ಕೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ನಿರಂತರವಾಗಿ ಬೇಯಿಸುತ್ತೇವೆ. ಮಳೆ ಹಿಡಿದಾಗಿನಿಂದ ಕಪ್ಪಾ ಸಂಖ್ಯೆ, ಅಂದರೆ ಬೆಂದ ತಿರುಳಿನಲ್ಲಿ ಉಳಿದ, ಕಟ್ಟಿಗೆಯ ನಾರುಗಳನ್ನು ಅಂಟಿಸಿ ಹಿಡಿಯುವ ಲಿಗ್ನಿನ್‌ನ ಅಳತೆ, ಪಾಳಿಯಿಂದ ಪಾಳಿಗೆ ಏರಿಳಿಯತೊಡಗಿತು. ಒಮ್ಮೆ ಬೇಯದ ಗಂಟುಗಳು, ಇನ್ನೊಮ್ಮೆ ಅತಿಯಾಗಿ ಬೆಂದು ಇಳುವರಿ ಖೋತಾ.

ಕಪ್ಪಾ ಏರಿದ ಕೂಡಲೇ ನಾನು ಉಷ್ಣತೆ ಏರಿಸುತ್ತಿದ್ದೆ. ಅದೇ ತಪ್ಪಾಯಿತು. 160 ಡಿಗ್ರಿಯಿಂದ 170ಕ್ಕೆ ಹೋದರೆ ಲಿಗ್ನಿನ್ ಕರಗುವ ವೇಗ ಎರಡು ಪಟ್ಟನ್ನೂ ಮೀರುತ್ತದೆ. ಅದರ ಫಲ ತಿರುಳು ಹೊರಬಂದು ಪರೀಕ್ಷೆಯಾಗುವವರೆಗೆ ಕಾಣದು. ಅಷ್ಟರಲ್ಲಿ ಒಳಹೋಗುವ ಚಕ್ಕೆಯೇ ಬದಲಾಗಿರುತ್ತಿತ್ತು.

“ಸರ್, ರಾಣೆಬೆನ್ನೂರಿನ ಲೋಡು ಒಣಗಿದೆ, ಹಾನಗಲ್ಲಿನದು ಹಸಿ. ಎರಡಕ್ಕೂ ಒಂದೇ ಸೋಡಾ ಹಾಕುತ್ತಿದ್ದೇವಲ್ಲ?” ಎಂದು ಚಕ್ಕೆ ಯಂತ್ರದ ಕಾಕಾ ಕೇಳಿದಾಗಲೇ ಕಣ್ಣು ತೆರೆಯಿತು. 100 ಕಿಲೋ ಚಕ್ಕೆಗೆ 10 ಕಿಲೋ ಸೋಡಾ ಎಂದುಕೊಳ್ಳಿ. ಚಕ್ಕೆಯಲ್ಲಿ ಅರ್ಧ ನೀರಿದ್ದರೆ ಒಣ ಕಟ್ಟಿಗೆಯ ಲೆಕ್ಕದಲ್ಲಿ ಅದು ಶೇ 20. ನೀರು ಶೇ 30 ಇದ್ದರೆ ಬರೀ ಶೇ 14ರ ಆಸುಪಾಸು. ಇಷ್ಟು ಅಂತರವಿದ್ದರೆ ಯಾವ ಉಷ್ಣತೆ ತಾನೇ ಸರಿದೂಗಿಸೀತು?

ಈಗ ಹಸಿ, ಒಣ ರಾಶಿಗಳು ಬೇರೆ ಬೇರೆ. ಪ್ರತಿ ಲೋಡಿನ ಮಾದರಿಯನ್ನು ಹಿಂದಿನ ದಿನವೇ 105 ಡಿಗ್ರಿಯ ಓವನ್‌ನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಸೋಡಾವನ್ನು ಒಣ ತೂಕಕ್ಕೆ ಹಾಕುತ್ತೇವೆ. ಉಷ್ಣತೆಯನ್ನು ಮುಟ್ಟುವುದಿಲ್ಲ. ದಪ್ಪ 8 ಮಿಲಿಮೀಟರ್ ಮೀರಿದ ಚಕ್ಕೆ ಮತ್ತೆ ಸೀಳಲು ಹೋಗುತ್ತದೆ, ಏಕೆಂದರೆ ಅದರ ನಡುವಿಗೆ ಕ್ಷಾರ ಇಳಿಯುವುದರೊಳಗೆ ಬೇಯುವ ಹೊತ್ತು ಮುಗಿದಿರುತ್ತದೆ. ಜರಡಿಯ ಮೇಲೆ ಗಂಟು ಈಗ ಅಪರೂಪ.