ಕ್ರೋಶಾ ಪ್ಯಾಟರ್ನ್ ಅರ್ಥವಾಗದಿದ್ದರೆ ಮೊದಲು ಹೊಲಿಗೆಗಳ ಲೆಕ್ಕ ಹಾಕಿ

ಇಂಗ್ಲಿಷ್ ಪ್ಯಾಟರ್ನ್ ಅಮೆರಿಕದ್ದೋ ಬ್ರಿಟನ್ನಿನದೋ ಎಂದು ಮೊದಲೇ ನೋಡಿಕೊಳ್ಳಿ. ಅಮೆರಿಕದ ಸಿಂಗಲ್ ಕ್ರೋಶಾ ಬ್ರಿಟನ್ನಿನಲ್ಲಿ ಡಬಲ್, ಅಮೆರಿಕದ ಡಬಲ್ ಬ್ರಿಟನ್ನಿನಲ್ಲಿ ಟ್ರೆಬಲ್. ಎಲ್ಲಾದರೂ ‘ಎಸ್‌ಸಿ’ (ಸಿಂಗಲ್ ಕ್ರೋಶಾ) ಕಂಡರೆ ಅದು ಅಮೆರಿಕದ್ದು. ಕೆಳಗಿನ ಉದಾಹರಣೆಗಳೂ ಅಮೆರಿಕದ ರೀತಿಯವೇ: ‘ಡಿಸಿ’ ಎಂದರೆ ಡಬಲ್ ಕ್ರೋಶಾ. ‘ಸ್ಕಿಪ್’ ಬದಲು ‘ಮಿಸ್’, ‘ಗೇಜ್’ ಬದಲು ‘ಟೆನ್ಷನ್’ ಇದ್ದರೆ ಬಹುಮಟ್ಟಿಗೆ ಬ್ರಿಟನ್ನಿನದು.

ಹೆಚ್ಚು ತಲೆ ಕೆಡಿಸುವುದು ನಕ್ಷತ್ರ ಚಿಹ್ನೆ. “* ಮುಂದಿನ 3 ಹೊಲಿಗೆಗಳಲ್ಲಿ ಡಿಸಿ, 1 ಚೈನ್, 1 ಹೊಲಿಗೆ ಬಿಡಿ; * ಇಂದ 4 ಸಲ ರಿಪೀಟ್” ಎಂದರೆ ಒಟ್ಟು 5 ಸಲ, ಏಕೆಂದರೆ ಮೊದಲ ಸಲದ್ದು ರಿಪೀಟ್ ಅಲ್ಲ. ಅದೇ ಸೂಚನೆ ಚೌಕ ಆವರಣದೊಳಗಿದ್ದು ಮುಂದೆ ‘4 ಸಲ’ ಎಂದಿದ್ದರೆ ಒಟ್ಟು ನಾಲ್ಕೇ. ಬರೆಯುವವರೆಲ್ಲ ಇದನ್ನು ಪಾಲಿಸುವುದಿಲ್ಲ ಅನ್ನುವುದೇ ತಾಪತ್ರಯ! ಹಾಗಾಗಿ ಪೆನ್ಸಿಲ್ ಹಿಡಿಯಿರಿ. ಒಂದು ಆವರ್ತನೆಗೆ ಕೆಳಸಾಲಿನ 3+1, ಅಂದರೆ 4 ಹೊಲಿಗೆ ಬೇಕು. ಕೆಳಗೆ 20 ಇದ್ದರೆ 5 ಸಲ, 16 ಇದ್ದರೆ 4.

ದುಂಡು ಆವರಣಕ್ಕೆ ಹಲವು ಕೆಲಸ. “(ಡಿಸಿ, 1 ಚೈನ್, ಡಿಸಿ) ಮುಂದಿನ ಹೊಲಿಗೆಯಲ್ಲಿ” ಎಂದರೆ ಮೂರೂ ಒಂದೇ ಹೊಲಿಗೆಯೊಳಗೆ. “(2 ಎಸ್‌ಸಿ, 1 ಇನ್‌ಕ್ರೀಸ್) × 6” ಎಂದರೆ ಆ ಗುಂಪನ್ನು ಆರು ಸಲ. ಇನ್‌ಕ್ರೀಸ್ ಎಂದರೆ ಒಂದೇ ಹೊಲಿಗೆಯಲ್ಲಿ ಎರಡು ಹಾಕುವುದು; ಹಾಗಾಗಿ ಕೆಳಗಿನ 18 ಹೊಲಿಗೆ 24 ಆಗುತ್ತದೆ. ಸಾಲಿನ ಕೊನೆಯಲ್ಲಿ (24) ಎಂದಿದ್ದರೆ ಅದು ಒಟ್ಟು ಹೊಲಿಗೆ. “80 (88, 96) ಚೈನ್” ಎಂದಿದ್ದರೆ ಅವು ಬೇರೆ ಬೇರೆ ಸೈಜಿನ ಸಂಖ್ಯೆಗಳು; ನಿಮ್ಮ ಸೈಜಿನ ಸಂಖ್ಯೆಗೆ ಪ್ಯಾಟರ್ನ್ ಉದ್ದಕ್ಕೂ ಸುತ್ತು ಹಾಕಿಟ್ಟುಕೊಳ್ಳಿ.

ಅಂಚು ಓರೆಯಾಗಿ ಕಿರಿದಾಗುತ್ತಿದ್ದರೆ ಸಾಲಿನ ಆರಂಭದ 3 ಚೈನನ್ನು ಪರೀಕ್ಷಿಸಿ. ಅದು ಒಂದು ಡಿಸಿಗೆ ಸಮ ಎಂದಿದ್ದರೆ ಅದರ ಬುಡದ ಹೊಲಿಗೆ ಬಿಟ್ಟು ಮುಂದಿನದರಿಂದ ಶುರುಮಾಡಿ, ಸಾಲಿನ ಕೊನೆಯ ಡಿಸಿಯನ್ನು ಹಿಂದಿನ ಸಾಲಿನ 3ನೇ ಚೈನಿನ ಮೇಲೆ ಹಾಕಿ. ಅದನ್ನು ಮರೆತರೆ ಸಾಲಿಗೊಂದು ಹೊಲಿಗೆ ಮಾಯ. ಬುಡದಲ್ಲೂ ಹಾಕಿದರೆ ಸಾಲಿಗೊಂದು ಹೆಚ್ಚು.

‘ಅಟ್ ದ ಸೇಮ್ ಟೈಮ್’ ಎಂಬುದು ಸ್ವೆಟರ್ ಪ್ಯಾಟರ್ನಿನಲ್ಲಿ ಕಂಡರೆ ಕಡ್ಡಿ ಕೆಳಗಿಟ್ಟು ಪ್ಯಾರಾ ಪೂರ್ತಿ ಓದಿ. ಕೊರಳು, ತೋಳಿನ ಇಳಿಕೆ ಒಟ್ಟಿಗೇ ನಡೆಯಬೇಕಿರುತ್ತದೆ. ಸಾಲಿನ ಸಂಖ್ಯೆಗಳನ್ನು ಎರಡು ಕಾಲಂನಲ್ಲಿ ಬರೆದುಕೊಂಡರೆ ಬಿಚ್ಚುವ ಕೆಲಸ ತಪ್ಪುತ್ತದೆ.

ಇಷ್ಟಾಗಿಯೂ ಲೆಕ್ಕ ಕೂಡದಿದ್ದರೆ ಪ್ಯಾಟರ್ನೇ ತಪ್ಪಿರಬಹುದು. ಡಿಸೈನರ್ ತಿದ್ದುಪಡಿ ಪ್ರಕಟಿಸಿದ್ದಾರೆಯೇ ನೋಡಿ. ಇಲ್ಲವೆಂದರೆ ದಪ್ಪ, ತಿಳಿಬಣ್ಣದ ನೂಲಿನಲ್ಲಿ ಎರಡು ಆವರ್ತನೆಯಷ್ಟು ಹೆಣೆದು ಆ ಸಾಲನ್ನು ಪರೀಕ್ಷಿಸಿ.