ನೆಟ್ ಇಲ್ಲ ಅಂದರೆ, ಎಲ್ಲಿ ಇಲ್ಲ?

ನಾನು ಚಿಂತಾಮಣಿಯಲ್ಲಿ ಮನೆ ವೈರಿಂಗ್ ಕೆಲಸ ಮಾಡುತ್ತೇನೆ. ಯಾರಾದರೂ ಫೋನ್ ಮಾಡಿ ಕರೆಂಟ್ ಇಲ್ಲ ಅಂದರೆ ನಾನು ಮೊದಲು ಕೇಳೋದು ಒಂದೇ. ಇಡೀ ಮನೆಗೆ ಇಲ್ವಾ, ಒಂದು ರೂಮಿಗೆ ಮಾತ್ರ ಇಲ್ವಾ? ಪಕ್ಕದ ಮನೆಯಲ್ಲಿ ಇದೆಯಾ? ಇದಕ್ಕೆ ಉತ್ತರ ಸಿಕ್ಕರೆ ಏಣಿ ಹೊತ್ತುಕೊಂಡು ಹೋಗಬೇಕೋ, ಬರೀ ಟೆಸ್ಟರ್ ಸಾಕೋ ಅಂತ ಗೊತ್ತಾಗುತ್ತದೆ. ನಮ್ಮ ಮನೆಯ ವೈಫೈ ಕಾಟ ಕೊಡಲು ಶುರು ಮಾಡಿದಾಗಲೂ ಇದೇ ದಾರಿ ಹಿಡಿದೆ.

ನಮ್ಮದು ಅಪ್ಪನ ಕಾಲದ ಮನೆ. ಸೈಜು ಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ, ಮೇಲೆ ಕಲ್ಲು ಚಪ್ಪಡಿ. ಹಿಂದುಗಡೆ ಆಮೇಲೆ ಕಟ್ಟಿಸಿದ ಎರಡು ರೂಮು. ರೂಟರ್ ಇದ್ದದ್ದು ಮುಂದಿನ ಪಡಸಾಲೆಯಲ್ಲಿ, ಟಿವಿ ಶೋಕೇಸಿನ ಹಿಂದೆ. ಕನೆಕ್ಷನ್ ಕೊಡಲು ಬಂದ ಹುಡುಗ ವೈರು ಎಲ್ಲಿ ಒಳಗೆ ಬಂತೋ ಅಲ್ಲೇ ಇಟ್ಟು ಹೋಗಿದ್ದ. ಎಲ್ಲರ ಮನೆಯಲ್ಲೂ ಹಾಗೇ ಅಲ್ವಾ?

ಮಗಳಿಗೆ ಹಿಂದಿನ ರೂಮಿನಲ್ಲಿ ಪಾಠದ ವಿಡಿಯೋ ಓಡುತ್ತಿರಲಿಲ್ಲ. ಮನೆಯಾಕೆಗೆ ಸಂಜೆ ಹೊತ್ತು ಟಿವಿ ನಡುವಲ್ಲೇ ನಿಂತು ಸುತ್ತುತ್ತಿತ್ತು. ಇದರ ಜೊತೆಗೆ ಆಗಾಗ ಪೂರ್ತಿ ಮನೆಗೇ ನೆಟ್ ಹೋಗಿ, ಸ್ವಲ್ಪ ಹೊತ್ತಿಗೆ ತಾನೇ ಬರುತ್ತಿತ್ತು. ಮೂವರೂ ಹೇಳುತ್ತಿದ್ದ ಮಾತು ಒಂದೇ, "ನೆಟ್ ಇಲ್ಲ". ನೋಡಿದರೆ ಮೂರೂ ಬೇರೆ ಬೇರೆ ಕಾಯಿಲೆ. ಒಂದೇ ಅಂದುಕೊಂಡು ರೂಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂತರೆ ಯಾವುದೂ ಹೋಗಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೂಟರ್ ಹಿಂದೆ ಸಣ್ಣ ತೂತಿನಲ್ಲಿ ಒಂದು ರೀಸೆಟ್ ಬಟನ್ ಇರುತ್ತದೆ. ಅದಕ್ಕೆ ಪಿನ್ನು ಚುಚ್ಚಬೇಡಿ. ಆಫ್ ಮಾಡಿ ಆನ್ ಮಾಡೋದು ಬೇರೆ, ರೀಸೆಟ್ ಬೇರೆ. ರೀಸೆಟ್ ಮಾಡಿದರೆ ಕಂಪನಿಯವರು ಹಾಕಿದ ಯೂಸರ್ ನೇಮ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲಾ ಅಳಿಸಿ ಹೋಗಬಹುದು. ಆಮೇಲೆ ಅರೆಬರೆ ನೆಟ್ ಕೂಡ ಇರಲ್ಲ, ಅವರು ಬರುವ ತನಕ ಕಾಯಬೇಕು. ನಮ್ಮ ಬೀದಿಯಲ್ಲೇ ಒಬ್ಬರು ಹೀಗೆ ಮಾಡಿ ವಾರದ ಕೊನೆಯೆಲ್ಲ ಮೊಬೈಲ್ ಡೇಟಾದಲ್ಲಿ ಕಳೆದರು.

ಮೊದಲು ಲೈಟ್ ನೋಡಿದೆ. ಫೈಬರ್ (ಬೆಳಕು ಸಾಗಿಸುವ ಗಾಜಿನ ಎಳೆ) ಕನೆಕ್ಷನ್ ಇರುವ ಪೆಟ್ಟಿಗೆಯಲ್ಲಿ ಪಾನ್ (PON) ಅಂತ ಒಂದು, ಲಾಸ್ (LOS) ಅಂತ ಒಂದು ಲೈಟ್ ಇರುತ್ತದೆ. ಪಾನ್ ಹಸಿರಾಗಿ ಅಲುಗದೆ ಉರಿಯಬೇಕು. ಲಾಸ್ ಆರಿರಬೇಕು. ಲಾಸ್ ಕೆಂಪಾಗಿ ಮಿಟುಕಿದರೆ ಹೊರಗಿನಿಂದ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ವೈಫೈ ಸೆಟ್ಟಿಂಗಲ್ಲಿ ಏನು ಮಾಡಿದರೂ ಪ್ರಯೋಜನವಿಲ್ಲ. ಕಂಬದಿಂದ ಮನೆಗೆ ಬರುವ ಎಳೆ ತುಂಡಾಗಿರಬಹುದು, ಮಡಚಿರಬಹುದು. ನಮ್ಮ ಕಡೆ ಕೋತಿಗಳೂ ಅದಕ್ಕೆ ಜೋತು ಬೀಳುತ್ತವೆ.

ನಮ್ಮ ಮನೆಯಲ್ಲಿ ಲಾಸ್ ಕೆಂಪಾಗಿಯೇ ಉಳಿದಿರಲಿಲ್ಲ. ಒಂದೊಂದು ಸಲ ಮಿಂಚಿ ಆರುತ್ತಿತ್ತು ಅಷ್ಟೇ. ಅದಕ್ಕೇ ರೂಟರ್ ಒಳಗಿನ ಪುಟ ತೆಗೆದೆ. ಮೊಬೈಲ್ ಬ್ರೌಸರ್‌ನಲ್ಲಿ 192.168.1.1 ಅಂತ ಹಾಕಿದರೆ ಬರುತ್ತದೆ. ಕೆಲವದರಲ್ಲಿ 192.168.0.1. ಪಾಸ್‌ವರ್ಡ್ ಪೆಟ್ಟಿಗೆಯ ಅಡಿಯ ಸ್ಟಿಕ್ಕರ್ ಮೇಲಿರುತ್ತದೆ. ಒಳಗೆ ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕಿನ ಬಲ, ಅಂತ ಒಂದು ಕಡೆ ಮೈನಸ್‌ನಲ್ಲಿ ಅಂಕಿ ಕಾಣುತ್ತದೆ. ಸಾಮಾನ್ಯವಾಗಿ ಅದು ಮೈನಸ್ 8ರಿಂದ ಮೈನಸ್ 27ರ ನಡುವೆ ಇರಬೇಕು. ನಮ್ಮದು ಮೈನಸ್ 26 ದಾಟಿತ್ತು. ಅಂದರೆ ಅಂಚಿನಲ್ಲಿ ನಿಂತಿತ್ತು.

ಶೋಕೇಸ್ ಸರಿಸಿದೆ. ಹಳದಿ ಎಳೆಯನ್ನು ಮರದ ಹಲಗೆ ಗೋಡೆಗೆ ಒತ್ತಿ ಹಿಡಿದು, ಚೂಪಾಗಿ ಮಡಚಿಬಿಟ್ಟಿತ್ತು. ತಾಮ್ರದ ವೈರನ್ನು ಹೇಗೆ ಮಡಚಿದರೂ ಕರೆಂಟ್ ಹೋಗುತ್ತದೆ. ಫೈಬರ್ ಹಾಗಲ್ಲ, ಮಡಚಿದ ಕಡೆ ಬೆಳಕು ಹೊರಗೆ ಸೋರುತ್ತದೆ. ಎಳೆಯನ್ನು ಬಿಡಿಸಿ, ಊಟದ ತಟ್ಟೆಯಷ್ಟು ಅಗಲದ ಸುತ್ತು ಮಾಡಿ ಮೊಳೆಗೆ ಸಡಿಲವಾಗಿ ತಗುಲಿಸಿದೆ. ಅಂಕಿ ಮೈನಸ್ 20ರ ಹತ್ತಿರಕ್ಕೆ ಬಂತು. ಆರು ಡಿಬಿ (ಈ ಅಂಕಿಯ ಏರಿಳಿತ ಅಳೆಯುವ ಲೆಕ್ಕ) ಅಂದರೆ ಸಣ್ಣದಲ್ಲ. ಮೂರು ಡಿಬಿ ಇಳಿದರೆ ಬೆಳಕು ಅರ್ಧ ಆಗುತ್ತದೆ, ಆರು ಇಳಿದರೆ ಕಾಲು ಭಾಗ. ಮುಕ್ಕಾಲು ಬೆಳಕು ಶೋಕೇಸ್ ಹಿಂದೆ ಸೋರಿ ಹೋಗುತ್ತಿತ್ತು! ಇದನ್ನು ಮಾಡುವಾಗ ಪಿನ್ ಬಿಚ್ಚಿದರೆ ಅದರ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿಯಬೇಡಿ. ಒಳಗಿನ ಬೆಳಕು ಕಣ್ಣಿಗೆ ಕಾಣಲ್ಲ, ಆದರೂ ಲೇಸರ್ ಲೇಸರೇ. ತುದಿಗೆ ಬೆರಳೂ ತಾಗಿಸಬೇಡಿ, ಬೆರಳಿನ ಎಣ್ಣೆ ಸಾಕು ಬೆಳಕಿಗೆ ಅಡ್ಡ ಬರಲು.

ಅಷ್ಟಾದ ಮೇಲೂ ಸಂಜೆಯ ಕಾಟ ಹೋಗಲಿಲ್ಲ. ಕಂಪನಿಗೆ ಫೋನ್ ಮಾಡಿದರೆ "ಅಣ್ಣಾ, ನಮ್ಮ ಕಡೆಯಿಂದ ಎಲ್ಲಾ ಸರಿಯಿದೆ" ಅಂದರು. ಅವರು ಹಾಗೆ ಹೇಳೋದು ಮಾಮೂಲು. ಈ ಸಲ ಅದು ನಿಜವೂ ಆಗಿತ್ತು.

ಸಂಜೆ ಪಡಸಾಲೆಯಲ್ಲೇ ಕೂತು ಪೆಟ್ಟಿಗೆಯನ್ನೇ ನೋಡಿದೆ. ನೆಟ್ ಹೋದಾಗ ಪಾನ್ ಲೈಟ್ ಒಂದೇ ಆರಲಿಲ್ಲ, ಎಲ್ಲಾ ಲೈಟೂ ಒಟ್ಟಿಗೆ ಆರಿ ಮತ್ತೆ ಒಂದೊಂದಾಗಿ ಬಂದವು. ಅಂದರೆ ರೂಟರ್ ತಾನೇ ಆಫ್ ಆಗಿ ಆನ್ ಆಗುತ್ತಿದೆ. ಇದು ನೆಟ್ಟಿನ ತೊಂದರೆಯೇ ಅಲ್ಲ, ನನ್ನ ಕೆಲಸದ ತೊಂದರೆ. ಅದೇ ಹೊತ್ತಿಗೆ ಹಿತ್ತಲಲ್ಲಿ ಸಂಪಿನ ಮೋಟಾರ್ ಶುರುವಾದ ಸದ್ದು ಕೇಳಿಸಿತು. ಮನೆಯಾಕೆ ದಿನಾ ಸಂಜೆ ಆ ಹೊತ್ತಿಗೇ ಮೇಲಿನ ಟ್ಯಾಂಕಿಗೆ ನೀರು ಬಿಡೋದು.

ಮೋಟಾರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದ್ದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಒಂದು ಗಳಿಗೆ ಮನೆಯ ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಮಂಕಾಗೋದು ಎಲ್ಲರೂ ನೋಡಿರುತ್ತೀರಿ. ಆದರೆ ರೂಟರ್ ಅಡಾಪ್ಟರ್ ಮೇಲೆ 100ರಿಂದ 240 ವೋಲ್ಟ್ ಅಂತ ಬರೆದಿರುತ್ತದೆ. ವೋಲ್ಟೇಜ್ ಅಷ್ಟು ಇಳಿದರೂ ಅದು ತಡೆದುಕೊಳ್ಳಬೇಕು. ತಡೆದುಕೊಳ್ಳದಿದ್ದರೆ ಅಡಾಪ್ಟರಿಗೆ ವಯಸ್ಸಾಗಿದೆ.

ಮಲ್ಟಿಮೀಟರ್ ಇಟ್ಟೆ. ಸುಮ್ನೆ ಪಿನ್ನಿಗೆ ಹಿಡಿದರೆ 12 ವೋಲ್ಟ್ ಚೆನ್ನಾಗಿಯೇ ತೋರಿಸಿತು. ಇಲ್ಲೇ ಬಹಳ ಜನ ಅಡಾಪ್ಟರ್ ಸರಿಯಿದೆ ಅಂತ ಬಿಟ್ಟುಬಿಡುತ್ತಾರೆ. ಲೋಡ್ ಇಲ್ಲದೆ ಅಳೆದರೆ ಅದು ಸರಿಯಾದ ಪರೀಕ್ಷೆಯೇ ಅಲ್ಲ. ಒಂದು ಅಡಿ ವೈರಿಗೆ ಪಿನ್ ಮತ್ತು ಸಾಕೆಟ್ ಹಾಕಿ, ರೂಟರ್ ಓಡುತ್ತಿರುವಾಗಲೇ ಅಳೆಯುವ ಹಾಗೆ ಮಾಡಿಕೊಂಡೆ. ಆಗ 11ಕ್ಕೂ ಕೆಳಗಿತ್ತು. ಮಗಳಿಗೆ ಮೋಟಾರ್ ಹಾಕು ಅಂದೆ. ಅಂಕಿ ಒಂದು ಸಲ ಜಿಗಿದು ಇನ್ನೂ ಕೆಳಗಿಳಿಯಿತು, ರೂಟರ್ ಆರಿತು. ಹಳೇ ಅಡಾಪ್ಟರ್ ಒಡೆದು ನೋಡಿದರೆ ಒಳಗಿನ ಕೆಪಾಸಿಟರಿನ ತಲೆ ಊದಿಕೊಂಡಿತ್ತು. ನೀವು ಒಡೆಯಬೇಡಿ. ಸ್ವಿಚ್ಚಿಂದ ತೆಗೆದ ಮೇಲೂ ಅದರೊಳಗೆ 300 ವೋಲ್ಟಿಗಿಂತ ಜಾಸ್ತಿ ನಿಂತಿರಬಹುದು.

ಹೊಸ ಅಡಾಪ್ಟರ್ ತರುವಾಗ ಮೂರು ನೋಡಬೇಕು. ವೋಲ್ಟ್ ಅಷ್ಟೇ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಆಂಪ್ಸ್ ಅಷ್ಟೇ ಅಥವಾ ಜಾಸ್ತಿ ಇರಲಿ. ಪಿನ್ನಿನ ಒಳಗೆ ಪ್ಲಸ್ಸೋ ಮೈನಸ್ಸೋ ಅಂತ ಸಣ್ಣ ಚಿತ್ರ ಇರುತ್ತದೆ, ಅದು ಹೊಂದಬೇಕು. ಅಂಗಡಿಯವರು "ಯಾವುದಾದ್ರೂ ನಡೆಯುತ್ತೆ" ಅಂತಾರೆ. ನಡೆಯಲ್ಲ. 12 ವೋಲ್ಟಿನ ರೂಟರಿಗೆ 9 ವೋಲ್ಟಿನದ್ದು ಹಾಕಿ, ಆನ್ ಆಯಿತಲ್ಲ ಅಂತ ಖುಷಿಪಟ್ಟವರ ಮನೆಗೆ ಆಮೇಲೆ ನಾನೇ ಹೋಗಿದ್ದೇನೆ. ನಾನು ಅಡಾಪ್ಟರ್ ಜೊತೆಗೆ 12 ವೋಲ್ಟಿನ ಒಂದು ಮಿನಿ ಯುಪಿಎಸ್ ಕೂಡ ಹಾಕಿದೆ. ಕರೆಂಟ್ ಹೋದಾಗಲೂ ನೆಟ್ ಇರುತ್ತದೆ. ನನ್ನ ಪ್ರಕಾರ ನಮ್ಮಂಥ ಊರುಗಳಲ್ಲಿ ದುಬಾರಿ ರೂಟರಿಗಿಂತ ಮೊದಲು ತರಬೇಕಾದದ್ದು ಇದನ್ನೇ.

ಉಳಿದದ್ದು ಹಿಂದಿನ ರೂಮು. ಮೊದಲು ಲೈನಿನ ತಪ್ಪೋ ಗಾಳಿಯಲ್ಲಿ ಬರುವ ವೈಫೈ ತಪ್ಪೋ ಅಂತ ಬೇರೆ ಮಾಡಬೇಕಿತ್ತು. ಇದಕ್ಕೆ ಪಿಂಗ್ ಸಾಕು, ಅಂದರೆ ಒಂದು ಸಣ್ಣ ಸಂದೇಶ ಕಳಿಸಿ ಅದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅಂತ ನೋಡೋದು. ಕಂಪ್ಯೂಟರಿನ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ ಅಂತ ಕೊಟ್ಟು ಮುಂದೆ 192.168.1.1 ಹಾಕಿದರೆ ನಿಮ್ಮಿಂದ ರೂಟರ್ ತನಕದ ದಾರಿ ಗೊತ್ತಾಗುತ್ತದೆ. 8.8.8.8 (ಗೂಗಲ್‌ನ ಸರ್ವರ್) ಹಾಕಿದರೆ ಹೊರಗಿನ ದಾರಿ. ಮೊಬೈಲಿಗೂ ಪಿಂಗ್ ಮಾಡುವ ಆಪ್‌ಗಳಿವೆ. ಮೊದಲನೆಯದೇ ಎಡವಿದರೆ ತಪ್ಪು ಮನೆಯೊಳಗೇ ಇದೆ. ಮೊದಲನೆಯದು ಸರಿಯಿದ್ದು ಎರಡನೆಯದು ಸತ್ತಿದ್ದರೆ ಧೈರ್ಯವಾಗಿ ಕಂಪನಿಗೆ ಫೋನ್ ಮಾಡಿ. ಎರಡೂ ಸರಿಯಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಡಿಎನ್ಎಸ್ (ವೆಬ್‌ಸೈಟ್ ಹೆಸರಿಗೆ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಸೆಟ್ಟಿಂಗ್ ನೋಡಿ, ಅಲ್ಲಿ 8.8.8.8 ಅಥವಾ 1.1.1.1 ಹಾಕಿ.

ಪಡಸಾಲೆಯಲ್ಲಿ ರೂಟರಿಗೆ ಪಿಂಗ್ ಎರಡು ಮೂರು ಮಿಲಿಸೆಕೆಂಡಿನಲ್ಲಿ ವಾಪಸ್ ಬರುತ್ತಿತ್ತು. ಹಿಂದಿನ ರೂಮಿನಲ್ಲಿ ನೂರಿನ್ನೂರು ಆಗುತ್ತಿತ್ತು, ಕೆಲವು ಬರುತ್ತಲೇ ಇರಲಿಲ್ಲ. ಕಾರಣ ಕಣ್ಣೆದುರೇ ಇತ್ತು. ನಡುವೆ ಎರಡು ಕಲ್ಲು ಗೋಡೆ, ಒಂದು ಗೋಡೆಗೆ ಒರಗಿಸಿದ ಕಬ್ಬಿಣದ ಬೀರು. ವೈಫೈಗೆ ಕಬ್ಬಿಣದ ಹಾಗೆ ಶತ್ರು ಇನ್ನೊಂದಿಲ್ಲ. ಕನ್ನಡಿ ಮತ್ತು ನೀರಿನ ಡ್ರಮ್ಮೂ ಹೆಚ್ಚು ಕಡಿಮೆ ಹಾಗೇ. 5 ಗಿಗಾಹರ್ಟ್ಸ್ ಸಿಗ್ನಲ್ ವೇಗ ಜಾಸ್ತಿ, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. 2.4 ಸ್ವಲ್ಪ ದೂರ ಹೋಗುತ್ತದೆ, ಆದರೆ ಅಲ್ಲಿ ಅಕ್ಕಪಕ್ಕದ ಮನೆಯವರೆಲ್ಲ ಇರುತ್ತಾರೆ. ಬೆಳಿಗ್ಗೆ ಟೊಮ್ಯಾಟೊ ಮಂಡಿಯಲ್ಲಿ ಪಕ್ಕಪಕ್ಕದಲ್ಲೇ ಹರಾಜು ಕೂಗಿದ ಹಾಗೆ, ಯಾರ ದನಿ ಯಾರದ್ದು ಅಂತ ಗೊತ್ತಾಗಲ್ಲ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ವೈಫೈ ಅನಲೈಸರ್ ಆಪ್ ಹಾಕಿ ನೋಡಿದರೆ ನಮ್ಮ ಬೀದಿ ಪೂರ್ತಿ 6ರಲ್ಲಿತ್ತು. ನಾನು 11ಕ್ಕೆ ಹೋದೆ. ಚಾನೆಲ್ ಅಗಲವನ್ನು 40 ಮೆಗಾಹರ್ಟ್ಸ್‌ನಿಂದ 20ಕ್ಕೆ ಇಳಿಸಿದೆ. ಬೀರು ಸರಿಸಿದೆ. ರೂಟರನ್ನು ಶೋಕೇಸ್ ಹಿಂದಿನಿಂದ ತೆಗೆದು ಎದೆಮಟ್ಟದಲ್ಲಿ ಹಲಗೆ ಮೇಲಿಟ್ಟೆ. ನಡುಮನೆ ತನಕ ಚೆನ್ನಾಗಾಯಿತು. ಹಿಂದಿನ ರೂಮಿಗೆ ಅಷ್ಟಕ್ಕಷ್ಟೇ.

ರಿಪೀಟರ್ ಹಾಕಿ ಅಂತ ಎಲ್ಲರೂ ಹೇಳಿದರು. ನನಗೆ ರಿಪೀಟರ್ ಕಂಡರೆ ಆಗಲ್ಲ. ಸಾಮಾನ್ಯ ರಿಪೀಟರ್ ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುತ್ತದೆ, ವೇಗ ಅರ್ಧಕ್ಕೆ ಇಳಿಯುತ್ತದೆ. ಜನ ಅದನ್ನು ಸಿಗ್ನಲ್ ಇಲ್ಲದ ರೂಮಿನಲ್ಲೇ ಸಿಗಿಸುತ್ತಾರೆ. ಅದಕ್ಕೇ ಕೇಳಿಸದಿದ್ದರೆ ಅದು ಬೇರೆಯವರಿಗೆ ಏನು ಹೇಳೀತು?

ವೈರ್ ಎಳೆಯೋದು ನನಗೆ ಬರುವ ಕೆಲಸ. ಕ್ಯಾಟ್ 6 ಅನ್ನೋ ನೆಟ್‌ವರ್ಕ್ ಕೇಬಲನ್ನು ಸೂರಿನ ಕೆಳಗೆ ಪಿವಿಸಿ ಪೈಪಿನಲ್ಲಿ ಹಿಂದಿನ ರೂಮಿಗೆ ಒಯ್ದೆ. ಕರೆಂಟಿನ ಪೈಪಿನೊಳಗೆ ಇದನ್ನು ತೂರಿಸಬಾರದು, ಬೇರೆಯದೇ ಪೈಪ್ ಬೇಕು. ಎರಡೂ ತುದಿಗೆ ಪಿನ್ ಒತ್ತುವಾಗ ಬಣ್ಣದ ಸಾಲು ಒಂದೇ ಇರಬೇಕು: ಬಿಳಿ ಕಿತ್ತಳೆ, ಕಿತ್ತಳೆ, ಬಿಳಿ ಹಸಿರು, ನೀಲಿ, ಬಿಳಿ ನೀಲಿ, ಹಸಿರು, ಬಿಳಿ ಕಂದು, ಕಂದು. ಎಂಟೂ ಎಳೆ ಸರಿಯಾಗಿ ಕೂತರೆ ಗಿಗಾಬಿಟ್ ವೇಗ ಸಿಗುತ್ತದೆ. ಒಂದೇ ಒಂದು ಕೂರದಿದ್ದರೆ 100 ಮೆಗಾಬಿಟ್‌ಗೆ ಇಳಿದುಬಿಡಬಹುದು. ಕೆಲಸ ಮಾತ್ರ ನಡೆಯುತ್ತಲೇ ಇರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ.

ಆ ತುದಿಗೆ ಅಟ್ಟದ ಮೇಲಿದ್ದ ಹಳೇ ರೂಟರ್ ಹಾಕಿದೆ. ಮೊದಲು ಅದರ ವಿಳಾಸ 192.168.1.2 ಅಂತ ಬದಲಿಸಿದೆ. ಎರಡೂ ಪೆಟ್ಟಿಗೆ 1.1 ಅಂತ ಕೂತರೆ ಜಗಳ. ಆಮೇಲೆ ಮೊಬೈಲ್, ಕಂಪ್ಯೂಟರ್‌ಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿದೆ. ವಿಳಾಸ ಹಂಚೋದು ಒಬ್ಬರೇ ಇರಬೇಕು. ಕೇಬಲನ್ನು ವ್ಯಾನ್ (WAN, ಹೊರಗಿನ ಲೈನಿನ) ತೂತಿಗೆ ಹಾಕದೆ ಲ್ಯಾನ್ (LAN, ಮನೆಯೊಳಗಿನ) ತೂತಿಗೆ ಹಾಕಿದೆ. ವೈಫೈ ಹೆಸರು, ಪಾಸ್‌ವರ್ಡ್ ಮುಂದಿನದ್ದೇ ಕೊಟ್ಟೆ, ಚಾನೆಲ್ ಮಾತ್ರ 1. ಈಗ ಮೊಬೈಲ್ ಹಿಡಿದು ಮುಂದಿಂದ ಹಿಂದಕ್ಕೆ ನಡೆದರೆ ಅದು ತಾನೇ ಪೆಟ್ಟಿಗೆ ಬದಲಿಸಿಕೊಳ್ಳುತ್ತದೆ. ಒಂದೊಂದು ಸಲ ಮೊಂಡು ಹಿಡಿದು ದೂರದ್ದಕ್ಕೇ ಅಂಟಿಕೊಂಡಿರುತ್ತದೆ. ಆಗ ವೈಫೈ ಒಮ್ಮೆ ಆರಿಸಿ ಹಾಕಬೇಕು.

ಗುಡುಗು ಮಿಂಚಿನ ಕಾಲದಲ್ಲಿ ಏನು ಅಂತ ಕೇಳುವವರಿದ್ದಾರೆ. ಫೈಬರ್ ಎಳೆ ಗಾಜಿನದ್ದು, ಅದರಲ್ಲಿ ಕರೆಂಟ್ ಬರಲ್ಲ. ಅಡಾಪ್ಟರ್ ಮೂಲಕ ಬರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಮೋಡ ಕಟ್ಟಿದರೆ ನಾನು ಪ್ಲಗ್ ಕೀಳುತ್ತೇನೆ, ಮಿನಿ ಯುಪಿಎಸ್ ಮೇಲೆ ರೂಟರ್ ಓಡುತ್ತಿರುತ್ತದೆ. ತಾಮ್ರದ ಕೇಬಲನ್ನು ಮನೆಯಿಂದ ಮನೆಗೆ ಬಯಲಲ್ಲಿ ಎಳೆದವರು ಮಾತ್ರ ಅದನ್ನೂ ಕೀಳಬೇಕು.

ಮಹಡಿ ಮೇಲಿನ ಶೀಟ್ ರೂಮಿಗೆ ಈಗಲೂ ಸಿಗ್ನಲ್ ಸರಿಯಾಗಿ ಹೋಗಲ್ಲ. ಅಲ್ಲಿರೋದು ಹಳೇ ಸ್ವಿಚ್ ಬೋರ್ಡು, ವೈರಿನ ಸುರುಳಿ, ನನ್ನ ಏಣಿ. ಬಿಟ್ಟಿದ್ದೇನೆ.